ಒಬ್ಬ ಅಪ್ಪ, ಇಬ್ಬರು ಮಕ್ಕಳು, ಐದು ಬೀಚು

ಸುರತ್ಕಲ್‌ನಲ್ಲಿ ಮನೆ ಇದ್ದವರಿಗೆ ಕಡಲಿಗೆ ಬರವಿಲ್ಲ. ತೆಂಕು ದಿಕ್ಕಿಗೆ ಹೊರಟರೆ ಪಣಂಬೂರು, ತಣ್ಣೀರುಬಾವಿ. ಬಡಗು ದಿಕ್ಕಿಗೆ ಹೊರಟರೆ ಪಡುಬಿದ್ರಿ, ಕಾಪು, ಮಲ್ಪೆ. ಘಟ್ಟದ ಮೇಲಿನ ನೆಂಟರು ಫೋನು ಮಾಡಿ “ರಜೆಗೆ ಮಕ್ಕಳನ್ನ ಕರ್ಕೊಂಡು ಬರ್ತಿದ್ದೀವಿ, ಯಾವ ಬೀಚ್ ಚೆನ್ನಾಗಿದೆ?” ಅಂತ ಕೇಳಿದರೆ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಮಕ್ಕಳಿಗೆ ಎಷ್ಟು ವರ್ಷ? ದೊಡ್ಡವರು ಎಷ್ಟು ಜನ ಇದ್ದೀರಿ?

ಎರಡನೇ ಪ್ರಶ್ನೆಗೆ ಅವರು ನಗುತ್ತಾರೆ. ನನಗೆ ನಗು ಬರುವುದಿಲ್ಲ. ನನ್ನ ಹೆಂಡತಿ ನರ್ಸ್. ಭಾನುವಾರ, ಹಬ್ಬ ಅಂತ ನೋಡದೆ ಡ್ಯೂಟಿ ಬೀಳುತ್ತದೆ. ಅಂಥ ದಿನ ಏಳು ವರ್ಷದ ಮಗ, ಮೂರು ವರ್ಷದ ಮಗಳು, ಅವರಿಬ್ಬರ ಹಿಂದೆ ನಾನೊಬ್ಬ. ಮಗನಿಗೆ ಓಡಬೇಕು. ಮಗಳಿಗೆ ಒಂದೇ ಕಡೆ ಕೂತು ಹೊಯಿಗೆ ಅಗೆಯಬೇಕು. ಅವನ ಹಿಂದೆ ಓಡಿದರೆ ಇವಳು ಒಬ್ಬಳೇ ನೀರಿನ ಬದಿಯಲ್ಲಿ ಉಳಿಯುತ್ತಾಳೆ. ಇವಳ ಹತ್ತಿರ ಕೂತರೆ ಅವನು ಇನ್ಯಾರದೋ ಕ್ರಿಕೆಟ್ ಟೀಮಿನಲ್ಲಿ ಫೀಲ್ಡಿಂಗಿಗೆ ನಿಂತಿರುತ್ತಾನೆ. ಹೀಗಿರುವಾಗ ಬೀಚಿನ ಅಂದ ಚಂದ ನನಗೆ ಆಮೇಲಿನ ವಿಷಯ. ಕೂತಲ್ಲಿಂದ ಇಬ್ಬರೂ ಕಣ್ಣಿಗೆ ಬೀಳಬೇಕು, ಉಪ್ಪು ತೊಳೆಯಲು ಸಿಹಿನೀರಿನ ನಳ್ಳಿ ಹತ್ತಿರ ಇರಬೇಕು, ಒಂಚೂರು ನೆರಳು ಬೇಕು, “ಪಪ್ಪ, ಅರ್ಜೆಂಟ್” ಅಂದಾಗ ಓಡುವಷ್ಟು ದೂರದಲ್ಲಿ ಶೌಚಾಲಯ ಬೇಕು. ಸೂರ್ಯಾಸ್ತದ ವಿಚಾರದಲ್ಲಿ ಹೋಲಿಕೆಯೇ ಬೇಡ. ನಮ್ಮದು ಪಡುವಣ ಕರಾವಳಿ, ಎಲ್ಲಿ ನಿಂತು ನೋಡಿದರೂ ಸೂರ್ಯ ಕಡಲಿಗೇ ಬೀಳುತ್ತಾನೆ.

ಸುರತ್ಕಲ್‌ನದೇ ಬೀಚು ಉಂಟಲ್ಲ, ದೀಪಸ್ತಂಭವೂ ಉಂಟಲ್ಲ ಅಂತ ಕೇಳಬಹುದು. ಉಂಟು, ಚೆನ್ನಾಗಿಯೂ ಉಂಟು. ಆದರೆ ಮಕ್ಕಳ ಲೆಕ್ಕದಲ್ಲಿ ಮನೆ ಪಕ್ಕದ ಕಡಲಿಗೆ ಹೋಗುವುದು ಹಾಲಿನ ಅಂಗಡಿಗೆ ಹೋದ ಹಾಗೆ, ಅದನ್ನು ಅವರು ‘ಟೂರ್’ ಅಂತ ಒಪ್ಪುವುದಿಲ್ಲ. ಉಳ್ಳಾಲದ ಆಚೆಯ ಸೋಮೇಶ್ವರವನ್ನೂ ಈ ಹೋಲಿಕೆಯಿಂದ ಹೊರಗಿಟ್ಟಿದ್ದೇನೆ. ದೇವಸ್ಥಾನಕ್ಕೆ ಹೋಗಿ, ಬಂಡೆಗಳ ಮೇಲಿನಿಂದ ಕಡಲು ನೋಡಿ ಬರಲು ಅದರಷ್ಟು ಗಂಭೀರವಾದ ಜಾಗ ಇನ್ನೊಂದಿಲ್ಲ, ಆದರೆ ಅಲ್ಲಿಯ ಸೆಳೆತ ಮಕ್ಕಳನ್ನು ನೀರಿಗೆ ಬಿಡುವಂಥದ್ದಲ್ಲ.

ಪಣಂಬೂರಿನಿಂದ ಶುರು ಮಾಡುವ. ಬಸ್ಸಿನಲ್ಲೇ ಹೋಗಿ ಬರಬಹುದು, ಅದೇ ಅದರ ದೊಡ್ಡ ಗುಣ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಬಂದ ಮಗ “ಎಲ್ಲಿಗಾದರೂ ಹೋಗುವ” ಅಂತ ರಾಗ ತೆಗೆದಾಗ ತಯಾರಿ ಇಲ್ಲದೆ ಹೊರಡಬಹುದಾದ ಜಾಗ ಇದೊಂದೇ. ನವಮಂಗಳೂರು ಬಂದರು ಪಕ್ಕದಲ್ಲೇ ಇರುವುದರಿಂದ ದೂರದಲ್ಲಿ ಸಾಲಾಗಿ ನಿಂತ ಹಡಗು ಕಾಣುತ್ತವೆ. ಬಂದರಿಗೆ ಬರಲು ಸರದಿ ಕಾಯುತ್ತಾ ಲಂಗರು ಹಾಕಿದ ಹಡಗುಗಳು ಅವು. “ಅದರೊಳಗೆ ಎಂಥ ಉಂಟು ಪಪ್ಪ?” ಅಂತ ಮಗ ಒಂದೊಂದಕ್ಕೂ ಕೇಳುತ್ತಾನೆ. ಎಂಆರ್‌ಪಿಎಲ್ ತೈಲ ಶುದ್ಧೀಕರಣ ಘಟಕಕ್ಕೆ ಬರುವ ಕಚ್ಚಾ ತೈಲ, ಅಡುಗೆ ಅನಿಲ, ಕಲ್ಲಿದ್ದಲು, ಚಿಕ್ಕಮಗಳೂರು ಕೊಡಗಿನ ಕಾಫಿ ಹೊತ್ತು ಹೊರಗೆ ಹೋಗುವುದು, ಗೇರುಬೀಜ ಹೊತ್ತು ಒಳಗೆ ಬರುವುದು... ನಾನು ಬಾಯಿಗೆ ಬಂದ ಕ್ರಮದಲ್ಲಿ ಹಂಚುತ್ತೇನೆ. ಈ ಬಂದರು ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿದ್ದು 1974ರಲ್ಲಿ. ಅವನ ಅಜ್ಜ ಆಗ ಹುಡುಗ. “ಅಜ್ಜ ಸಣ್ಣ ಇರುವಾಗ ಇಲ್ಲಿ ಹಡಗು ಇರಲಿಲ್ವಾ?” ಅನ್ನುವ ಪ್ರಶ್ನೆಯಿಂದ ಒಂದು ಸಂಜೆ ಪೂರ್ತಿ ಕಳೆದದ್ದುಂಟು.

ಒಂಟೆ ಉಂಟು, ಕುದುರೆ ಉಂಟು, ಚರುಮುರಿ ಉಂಟು, ಗಾಳಿಪಟ ಉಂಟು. ತೊಂದರೆಯೂ ಅಲ್ಲೇ ಇರುವುದು. ಮಾರುವವರ ಸಾಲು ದಾಟದೆ ನೀರಿನ ಹತ್ತಿರ ಮುಟ್ಟಲಾಗುವುದಿಲ್ಲ, ಸಾಲಿನ ಪ್ರತಿ ಗಾಡಿಯಲ್ಲೂ ಮಗಳ ಕಣ್ಣಿಗೆ ಬೀಳುವ ಒಂದು ಗುಲಾಬಿ ಬಣ್ಣದ ವಸ್ತು ತೂಗುತ್ತಿರುತ್ತದೆ. ಭಾನುವಾರ ಸಂಜೆಯ ಜನಜಂಗುಳಿಯಲ್ಲಿ ಒಬ್ಬರೇ ಇಬ್ಬರು ಮಕ್ಕಳನ್ನು ನೋಡಿಕೊಳ್ಳುವುದು ಕಷ್ಟ. ಎಲ್ಲ ಮಕ್ಕಳೂ ಒಂದೇ ಬಣ್ಣದ ಚಂಡಿ (ಒದ್ದೆ) ಚಡ್ಡಿಯಲ್ಲಿ ಒಂದೇ ರೀತಿ ಕಾಣುತ್ತಾರೆ ಮಾರಾಯ್ರೆ. ಮಗನಿಗೆ ಪಣಂಬೂರಿಗೆಂದೇ ಒಂದು ಕಿತ್ತಳೆ ಬಣ್ಣದ ಟೀಶರ್ಟ್ ತೆಗೆದಿಟ್ಟಿದ್ದೇನೆ, ಅರ್ಧ ಕಿಲೋಮೀಟರಿನಿಂದ ಗುರುತು ಸಿಗುತ್ತದೆ. ಜೀವರಕ್ಷಕರು ಸೀಟಿ ಊದಿದರೆ ಆ ಸೀಟಿ ಯಾರಿಗೆ ಅಂತ ಚರ್ಚೆ ಮಾಡುತ್ತಾ ನಿಲ್ಲಬೇಡಿ, ಮೊದಲು ಮಕ್ಕಳನ್ನು ಮೇಲಕ್ಕೆ ಎಳೆದುಕೊಳ್ಳಿ.

ತಣ್ಣೀರುಬಾವಿ ಪಣಂಬೂರಿನಿಂದ ತೆಂಕಕ್ಕೆ ಸ್ವಲ್ಪವೇ ದೂರ. ಕೂಳೂರು ಕಡೆಯಿಂದ ರಸ್ತೆ ಉಂಟು, ಕಾರಿನಲ್ಲಿ ನೇರ ಹೋಗಿ ಇಳಿಯಬಹುದು. ನನ್ನನ್ನು ಕೇಳಿದರೆ ಹಾಗೆ ಹೋಗುವುದು ದಂಡ. ತಣ್ಣೀರುಬಾವಿಗೆ ಹೋಗಬೇಕಾದ್ದು ಸುಲ್ತಾನ್ ಬತ್ತೇರಿಯಿಂದ, ದೋಣಿಯಲ್ಲಿ.

ಹೆಂಡತಿಯ ತವರು ಬೋಳೂರಿನಲ್ಲಿರುವುದರಿಂದ ನಮಗೆ ಇದು ಅಜ್ಜಿ ಮನೆಯ ಬೀಚು. ದಾರಿಯಲ್ಲಿ ಮೊದಲು ಬತ್ತೇರಿಯೇ ಸಿಗುತ್ತದೆ. ನದಿಯೊಳಗೆ ಯುದ್ಧದ ಹಡಗು ನುಗ್ಗದ ಹಾಗೆ ಕಾವಲಿಗೆಂದು ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಕಪ್ಪುಕಲ್ಲಿನ ಬುರುಜು. ದೊಡ್ಡವರಿಗೆ ಎರಡು ನಿಮಿಷದಲ್ಲಿ ನೋಡಿ ಮುಗಿಯುವಷ್ಟು ಸಣ್ಣದು. ಏಳು ವರ್ಷದವನಿಗೆ ಅದೇ ಸರಿಯಾದ ಗಾತ್ರ. ನಾಲ್ಕು ಮೆಟ್ಟಿಲು ಹತ್ತಿ ಕಿಂಡಿಯಲ್ಲಿ ಕಣ್ಣಿಟ್ಟರೆ ಕೋಟೆ ಅವನ ಕೈಗೆ ಬಂತು. ಎದುರು ಹೋಗುವ ದೋಣಿಗಳಿಗೆಲ್ಲ ಬಾಯಲ್ಲೇ ತೋಪು ಹಾರಿಸುತ್ತಾನೆ. ಚಿತ್ರದುರ್ಗದಂಥ ದೊಡ್ಡ ಕೋಟೆಯಲ್ಲಿ ಇದೇ ಮಗ “ಕಾಲು ನೋವು” ಅಂತ ಕೂತದ್ದನ್ನು ನೆನೆದರೆ ಮಕ್ಕಳಿಗೆ ಚರಿತ್ರೆಯೂ ಅವರ ಅಂಗಿಯ ಅಳತೆಗೇ ಸಿಗಬೇಕು ಅನ್ನಿಸುತ್ತದೆ.

ದೋಣಿ ದಾಟಿಸುವುದು ಗುರುಪುರ ನದಿಯನ್ನು. ಫಲ್ಗುಣಿ ಅನ್ನುವುದೂ ಇದಕ್ಕೇ. ಈ ನದಿಯ ಕೊನೆಯ ಹಾದಿ ವಿಚಿತ್ರ. ಕಡಲು ಇಷ್ಟು ಹತ್ತಿರ ಇದ್ದರೂ ನೇರವಾಗಿ ಸೇರದೆ, ಹೊಯಿಗೆಯ ಉದ್ದನೆಯ ಪಟ್ಟಿಯೊಂದನ್ನು ನಡುವೆ ಬಿಟ್ಟು ದಡಕ್ಕೆ ಸಮಾನಾಂತರವಾಗಿ ತೆಂಕಕ್ಕೆ ಹರಿದು, ಬೆಂಗರೆಯ ಹತ್ತಿರ ನೇತ್ರಾವತಿಯನ್ನು ಕೂಡಿಕೊಂಡು ಅಳಿವೆಯಲ್ಲಿ ಕಡಲಿಗೆ ಬೀಳುತ್ತದೆ. ತಣ್ಣೀರುಬಾವಿ ಇರುವುದು ಆ ಪಟ್ಟಿಯ ಮೇಲೆ. ದೋಣಿ ಇಳಿದು ಬೆನ್ನಿಗೆ ನದಿ ಹಾಕಿ ಸ್ವಲ್ಪ ನಡೆದರೆ ಎದುರಿಗೆ ಕಡಲು. “ಆಚೆ ಸಪ್ಪೆ ನೀರು, ಈಚೆ ಉಪ್ಪು ನೀರು” ಅಂತ ಮಗನಿಗೆ ಒಂದು ದಿನ ಹೇಳಿದ್ದೆ. ಅವನು ನದಿಯ ನೀರಿಗೆ ಬೆರಳದ್ದಿ ನೆಕ್ಕಿ “ಇದೂ ಉಪ್ಪೇ” ಅಂದ. ಅಳಿವೆಯ ಹತ್ತಿರದ ನದಿಗೆ ಉಬ್ಬರದ ಹೊತ್ತು ಕಡಲ ನೀರು ನುಗ್ಗುತ್ತದೆ ಅನ್ನುವ ಪಾಠ ಅವನಿಗೆ ಪುಸ್ತಕಕ್ಕಿಂತ ಮೊದಲು ನಾಲಿಗೆಯಲ್ಲಾಯಿತು.

ದೋಣಿಯಲ್ಲಿ ಹೋಗುವ ಹೊತ್ತು ಕೆಲವೇ ನಿಮಿಷ. ಬೈಕನ್ನೂ ಮೀನಿನ ಬುಟ್ಟಿಯನ್ನೂ ಶಾಲೆ ಚೀಲವನ್ನೂ ಹೊತ್ತು ದಿನವೂ ದಾಟುವ ಜನರ ನಡುವೆ ಕೂರಬೇಕು. ಅವರಿಗೆ ಅದು ನಿತ್ಯದ ದಾರಿ, ನಮ್ಮ ಮಕ್ಕಳಿಗೆ ಸಮುದ್ರಯಾನ. ಮನೆಗೆ ಬಂದ ಮೇಲೆ ಮಗಳು ಬೀಚಿನ ಬಗ್ಗೆ ಏನೂ ಹೇಳುವುದಿಲ್ಲ, “ಬೋಟಲ್ಲಿ ಹೋದದ್ದು” ಅಂತಲೇ ವರದಿ ಕೊಡುವುದು. ಚಿಲ್ಲರೆ ಕೈಯಲ್ಲಿಟ್ಟುಕೊಳ್ಳಿ, ವಾಪಸು ಬರುವ ಕೊನೆಯ ದೋಣಿ ಎಷ್ಟು ಹೊತ್ತಿಗೆ ಅಂತ ಹೋಗುವಾಗಲೇ ಕೇಳಿಕೊಳ್ಳಿ.

ಬೀಚಿನ ಹಿಂದೆ ಗಾಳಿಮರಗಳ ತೋಪು, ಒಂದು ಕಡೆ ಟ್ರೀ ಪಾರ್ಕು. ನೆರಳಿನ ಲೆಕ್ಕದಲ್ಲಿ ಒಂದು ಸಣ್ಣ ಉಪಾಯ ಉಂಟು. ನಮ್ಮ ಕಡೆ ಮರಗಳು ಬೀಚಿನ ಮೂಡಣಕ್ಕೆ ಇರುವುದರಿಂದ ಬೆಳಗ್ಗೆ ಅವುಗಳ ನೆರಳು ಹೊಯಿಗೆಯ ಮೇಲೆ ಉದ್ದಕ್ಕೆ ಬೀಳುತ್ತದೆ. ಸಂಜೆ ಅದೇ ನೆರಳು ಬೆನ್ನ ಹಿಂದೆ ಊರ ಕಡೆಗೆ ಹೋಗಿ, ಬಿಸಿಲು ನೇರ ಮುಖಕ್ಕೆ ಹೊಡೆಯುತ್ತದೆ. ಪ್ರವಾಸಿಗರೆಲ್ಲ ಸಂಜೆಗೇ ಬರುತ್ತಾರೆ, ಬರಲಿ. ನಾವು ಬೆಳಗ್ಗೆ ಆರೂವರೆಗೆ ಹೋಗಿ ಒಂಬತ್ತರ ಒಳಗೆ ಬೋಳೂರಿನಲ್ಲಿ ಅತ್ತೆಯವರು ಹೊಯ್ದ ನೀರುದೋಸೆಗೆ ಹಾಜರು. ದಸರಾ ರಜೆಯ ಬೆಳಗ್ಗೆಗಳಲ್ಲಿ ಇದು ನನಗೆ ಎಲ್ಲಕ್ಕಿಂತ ಇಷ್ಟದ ಹೊತ್ತು. ಕುದ್ರೋಳಿ ಕಡೆ ಹುಲಿವೇಷ ನೋಡಿ ಬಂದ ಮಕ್ಕಳಿಗೆ ತಾಸೆಯ ಪೆಟ್ಟು ಕಿವಿಯಿಂದ ಇನ್ನೂ ಇಳಿದಿರುವುದಿಲ್ಲ. ಮಗ ಪ್ಲಾಸ್ಟಿಕ್ ಬಾಲ್ದಿ ಕವುಚಿ ಹಾಕಿ ಬಡಿಯುತ್ತಾನೆ, ಮಗಳು ಚಂಡಿ ಹೊಯಿಗೆಯ ಮೇಲೆ ಹುಲಿಯಾಗುತ್ತಾಳೆ. ತೊಂದರೆ ಅಂದರೆ ಇಲ್ಲಿ ಬೀಚು ಉದ್ದ, ಹರಡಿಕೊಂಡದ್ದು, ಮಗ ಓಡಿದರೆ ಓಡುತ್ತಲೇ ಇರಬಹುದು. ಕೊನೆಯಲ್ಲಿ ಹೊಯಿಗೆ ಮೆತ್ತಿದ ಇಬ್ಬರನ್ನು ದೋಣಿ ಹತ್ತಿಸಿ ತರುವಾಗ ಅಕ್ಕಪಕ್ಕ ಇಸ್ತ್ರಿ ಅಂಗಿಯಲ್ಲಿ ಕೆಲಸಕ್ಕೆ ಹೊರಟವರು ಸ್ವಲ್ಪ ಸರಿದು ಕೂರುತ್ತಾರೆ. ನ್ಯಾಯವೇ.

ಇನ್ನು ಪಡುಬಿದ್ರಿ. ಮುಕ್ಕ, ಹಳೆಯಂಗಡಿ, ಮೂಲ್ಕಿ ದಾಟಿ, ಹೆಜಮಾಡಿಯ ಟೋಲ್ ಕೊಟ್ಟು, ಉಡುಪಿ ಜಿಲ್ಲೆಯ ಮೊದಲ ದೊಡ್ಡ ಪೇಟೆ. ಅಲ್ಲಿ ಕಾಮಿನಿ ಹೊಳೆ ಕಡಲಿಗೆ ಸೇರುವ ಕಡೆಯಲ್ಲಿ ಎಂಡ್ ಪಾಯಿಂಟ್ ಬೀಚು. 2020ರ ಅಕ್ಟೋಬರಿನಲ್ಲಿ ಭಾರತದ ಎಂಟು ಬೀಚುಗಳಿಗೆ ಒಟ್ಟಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತಲ್ಲ, ಕರ್ನಾಟಕದಿಂದ ಅದರಲ್ಲಿದ್ದದ್ದು ಎರಡು: ಹೊನ್ನಾವರದ ಕಾಸರಕೋಡು ಮತ್ತು ಇದು. ಡೆನ್ಮಾರ್ಕಿನಲ್ಲಿ ಕೇಂದ್ರ ಕಚೇರಿ ಇರುವ ಸಂಸ್ಥೆಯೊಂದು ನೀರಿನ ಶುದ್ಧತೆ, ಸುರಕ್ಷತೆ, ಸ್ವಚ್ಛತೆ ಅಂತ 33 ಮಾನದಂಡ ಇಟ್ಟುಕೊಂಡು ಕೊಡುವ ಮಾನ್ಯತೆ ಅದು. ಒಮ್ಮೆ ಸಿಕ್ಕಿದರೆ ಮುಗಿಯಿತು ಅಂತಿಲ್ಲ, ಕಾಲಕಾಲಕ್ಕೆ ಮತ್ತೆ ಪಡೆಯಬೇಕು.

ಮಾನ್ಯತೆಯ ಬೋರ್ಡು ಓದಿ ನನಗೆ ಆಗಬೇಕಾದ್ದೇನೂ ಇಲ್ಲ. ಆ ಬೋರ್ಡಿನ ದೆಸೆಯಿಂದ ಬಂದ ನಳ್ಳಿ, ಶವರು, ಬಟ್ಟೆ ಬದಲಿಸುವ ಕೋಣೆ, ಶೌಚಾಲಯ, ನೆರಳಿನ ಮಾಡು, ಈಜಬಹುದಾದ ಜಾಗಕ್ಕೆ ಹಾಕಿದ ಗುರುತು, ಇವು ನನಗೆ ಬೇಕಾದವು. ಒಳಗೆ ಹೋಗಲು ಸಣ್ಣ ಟಿಕೆಟು ಉಂಟು. ನಮ್ಮೂರಲ್ಲಿ ಬಹಳ ಜನರಿಗೆ ಇದು ಸಿಟ್ಟು. “ಕಡಲು ನೋಡ್ಲಿಕ್ಕೂ ದುಡ್ಡಾ?” ಅಂತ ನನ್ನ ಭಾವನವರು ಗೇಟಿನಲ್ಲೇ ಭಾಷಣ ಮಾಡಿದ್ದರು. ನಾನು ಅವರಿಗೆ ಹೇಳಿದ್ದು ಇಷ್ಟೆ: ಕಡಲಿಗೆ ದುಡ್ಡಿಲ್ಲ ಭಾವ, ನಳ್ಳಿಗೆ. ಚಂಡಿ ಮಕ್ಕಳನ್ನು ಉಪ್ಪು ಮೈಯಲ್ಲೇ ಕಾರಿಗೆ ಹಾಕಿ, ಸೀಟಿನ ಸಂದಿಯಿಂದ ವಾರಗಟ್ಟಲೆ ಹೊಯಿಗೆ ಹೆಕ್ಕಿದವರಿಗೆ ಆ ಟಿಕೆಟಿನ ಬೆಲೆ ಗೊತ್ತಾಗುತ್ತದೆ. ಬೇರೆ ಒಂದು ಬೀಚಿನಲ್ಲಿ, ಯಾವುದು ಅಂತ ಬೇಡ, ಶೌಚಾಲಯಕ್ಕೆ ಬೀಗ ಹಾಕಿ ಬೀಗದ ಕೈಯವರು ಊಟಕ್ಕೆ ಹೋದ ದಿನವೂ ನನಗೆ ನೆನಪುಂಟು.

ಒಬ್ಬರೇ ಹೋಗುವವರಿಗೆ ಪಡುಬಿದ್ರಿ ಯಾಕೆ ಅನುಕೂಲ ಅಂದರೆ ಜಾಗ ಒಂದು ಅಂಗಳದ ಹಾಗೆ ಮೇರೆಯೊಳಗೆ ಉಂಟು. ಗೇಟು ಒಂದು ಕಡೆ, ನೀರು ಒಂದು ಕಡೆ, ನಡುವೆ ಕೂರಲು ನೆರಳು. ಮಗಳು ನನ್ನ ಕಾಲಬುಡದಲ್ಲಿ ಹೊಂಡ ತೆಗೆಯುತ್ತಿರುವಾಗ ಮಗ ಎಷ್ಟು ಓಡಿದರೂ ಕಣ್ಣಿಗೆ ಬೀಳುತ್ತಾನೆ. ಗೇಟಿನಿಂದ ಒಳಗೆ ಗಾಲಿಕುರ್ಚಿ ಹೋಗುವ ದಾರಿ ಇರುವುದರಿಂದ ಮಂಡಿನೋವಿನ ನನ್ನ ಅಮ್ಮನನ್ನೂ ಕರೆದುಕೊಂಡು ಹೋಗಲು ಧೈರ್ಯ ಬಂತು. ಅಮ್ಮ ಹುಟ್ಟಿದ್ದೇ ಕಡಲ ಬದಿಯಲ್ಲಿ, ಆದರೆ ಹೊಯಿಗೆಯಲ್ಲಿ ಕಾಲು ಹೂತು ಹೋಗುತ್ತದೆ ಅಂತ ಎಷ್ಟೋ ಸಮಯದಿಂದ ಕಡಲಿಗೆ ಇಳಿದಿರಲಿಲ್ಲ. ಮಾಡಿನ ಕೆಳಗೆ ಕೂತು ಮೊಮ್ಮಗಳಿಗೆ ಮರುವಾಯಿ (ಚಿಪ್ಪುಮೀನು) ಹೆಕ್ಕುವುದು ಹೇಗೆ ಅಂತ ಬಾಯಿಯಲ್ಲೇ ಪಾಠ ಮಾಡಿದರು.

ಪಡುಬಿದ್ರಿಯ ಮೇಲೆ ಮಗನ ದೂರು ಒಂದೇ. “ಇಲ್ಲಿ ಎಂಥ ಇಲ್ಲ.” ಒಂಟೆ ಇಲ್ಲ, ಕೋಟೆ ಇಲ್ಲ, ಹಡಗಿನ ಸಾಲಿಲ್ಲ. ಹೊಳೆಯ ಕಡೆ ಕಯಾಕ್ ಹೋಗುವುದನ್ನು ನೋಡಿ ಆಸೆಪಟ್ಟ, ಇನ್ನೂ ದೊಡ್ಡವನಾಗಲಿ ಅಂದೆ. ಕಾಮಿನಿ ಹೊಳೆ ಕಡಲಿಗೆ ಸೇರುವ ಬಾಯಿಯ ಹತ್ತಿರ ಮಾತ್ರ ಯಾವ ಮಕ್ಕಳನ್ನೂ ಬಿಡಬೇಡಿ. ಹೊಳೆಬಾಯಿಯ ನೀರು ನೋಡಲು ತಣ್ಣಗೆ ಇರುತ್ತದೆ, ಇಳಿತದ ಹೊತ್ತು ಇಡೀ ಹೊಳೆ ಅಷ್ಟೇ ಸಣ್ಣ ಬಾಗಿಲಿನಿಂದ ಹೊರಗೆ ಓಡುತ್ತಿರುತ್ತದೆ.

ಈ ಸೆಳೆತದ ವಿಷಯ ಬಂದಾಗ ಘಟ್ಟದ ಮೇಲಿನವರಿಗೆ ಇನ್ನೊಂದು ಮಾತು ಹೇಳಲೇಬೇಕು. ತೆರೆ ಒಡೆದು ದಡಕ್ಕೆ ತಳ್ಳಿದ ನೀರು ವಾಪಸು ಹೋಗಲು ದಾರಿ ಹುಡುಕುತ್ತದೆ. ಎಡಕ್ಕೂ ಬಲಕ್ಕೂ ಬಿಳಿ ನೊರೆ ಎದ್ದು, ನಡುವೆ ಒಂದು ಪಟ್ಟಿ ಮಾತ್ರ ತೆರೆ ಒಡೆಯದೆ, ಬಣ್ಣ ಸ್ವಲ್ಪ ಕಪ್ಪಾಗಿ ಕಂಡರೆ ಅದೇ ಆ ದಾರಿ. ಹೊಸಬರು ಸರಿಯಾಗಿ ಅಲ್ಲಿಗೇ ಬರುತ್ತಾರೆ, “ಇಲ್ಲಿ ಅಲೆ ಕಮ್ಮಿ, ಮಕ್ಕಳಿಗೆ ಒಳ್ಳೇದು” ಅಂತ. ಕಡಲು ಎಳೆದುಕೊಂಡು ಹೋಗುವುದು ಅಲ್ಲಿಂದಲೇ. ಐದೂ ಬೀಚಿನಲ್ಲಿ ಇದು ಒಂದೇ, ಮಾನ್ಯತೆ ಸಿಕ್ಕ ಬೀಚಿನ ಗುರುತಿನ ಹೊರಗೂ ಇದೇ. ನಮ್ಮ ಮನೆಯ ನಿಯಮ ಸರಳ: ನಾನೊಬ್ಬನೇ ಇದ್ದ ದಿನ ಮಗನಿಗೆ ಮೊಣಕಾಲಿನವರೆಗೆ ನೀರು, ಮಗಳಿಗೆ ಪಾದ ನೆನೆಯುವಷ್ಟು, ಜೊತೆಗೆ ಬಾಲ್ದಿಯಲ್ಲಿ ತಂದು ಹೊಂಡಕ್ಕೆ ಹೊಯ್ದ ಕಡಲು. ಅವಳ ಮಟ್ಟಿಗೆ ಆ ಹೊಂಡವೇ ಕಡಲು, ಅಲ್ಲಿ ತೆರೆಯನ್ನೂ ಅವಳೇ ಕೈಯಿಂದ ಮಾಡುತ್ತಾಳೆ.

ಉಬ್ಬರ ಇಳಿತ ದಿನಕ್ಕೆ ಎರಡೆರಡು ಸಲ, ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಜಾರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು. ಅಡುಗೆಮನೆಯ ಗೋಡೆಯ ಕ್ಯಾಲೆಂಡರು ನೋಡಿಯೇ ನಮ್ಮ ಹಿರಿಯರು ಬಲೆ ಬೀಸಲು ಹೋಗುತ್ತಿದ್ದದ್ದು. ನಾವು ಬಾಲ್ದಿ ಸಲಿಕೆ ಹಿಡಿದು ಹೋಗುವವರಿಗೂ ಅದೇ ಸಾಕು. ಇಳಿತದ ಹೊತ್ತು ಸಿಗುವ ಅಗಲವಾದ, ಗಟ್ಟಿಯಾದ ಚಂಡಿ ಹೊಯಿಗೆಯೇ ಮಕ್ಕಳಿಗೆ ಮೈದಾನ.

ಕಾಪುವಿನ ಬಗ್ಗೆ ಬೇಗ ಮುಗಿಸುತ್ತೇನೆ. ಫೋಟೋದಲ್ಲಿ ಐದರಲ್ಲಿ ಗೆಲ್ಲುವುದು ಅದೇ. ಬಂಡೆಯ ಮೇಲೆ 1901ರಲ್ಲಿ ಕಟ್ಟಿದ, 27 ಮೀಟರು ಎತ್ತರದ ದೀಪಸ್ತಂಭ, ಸುತ್ತ ತೆರೆ ಬಡಿಯುವ ಕಲ್ಲು. ಸಂಜೆ ಸ್ವಲ್ಪ ಹೊತ್ತು ಮೇಲೆ ಹತ್ತಲು ಬಿಡುತ್ತಾರೆ. ಒಳಗೆ ಸುತ್ತು ಸುತ್ತಿ ಹತ್ತುವ ಮೆಟ್ಟಿಲಲ್ಲಿ ಮೂರು ವರ್ಷದವಳನ್ನು ಸೊಂಟದ ಮೇಲೆ ಹೊತ್ತು, ಏಳು ವರ್ಷದವನ ಅಂಗಿ ಹಿಡಿದುಕೊಂಡು ಹತ್ತುವುದು ಒಬ್ಬರ ಕೆಲಸವಲ್ಲ. ಹೆಂಡತಿಗೆ ರಜೆ ಇದ್ದ ದಿನ ಹೋದರೆ ಸರಿಯಾದ ಹಂಚಿಕೆ ಆಗುತ್ತದೆ. ಒಬ್ಬರು ಮಗನ ಜೊತೆ ಮೇಲೆ, ಇನ್ನೊಬ್ಬರು ಮಗಳ ಜೊತೆ ಕೆಳಗೆ. ಮೇಲಿನಿಂದ ಮಗ ಕೂಗಿದ್ದು ಗಾಳಿಗೆ ಕೇಳುವುದಿಲ್ಲ, ಆದರೂ ಇಬ್ಬರೂ ಕೂಗುತ್ತಾರೆ. ಬಂಡೆಯ ಕುಳಿಗಳಲ್ಲಿ ನಿಂತ ನೀರಿನಲ್ಲಿ ಏಡಿ ಮರಿಗಳು ಓಡಾಡುವುದನ್ನು ನೋಡಲು ಕಾಪುವಿನಷ್ಟು ಒಳ್ಳೆಯ ಜಾಗ ಇಲ್ಲ, ಆ ಬಂಡೆಯ ಪಾಚಿಯಷ್ಟು ಜಾರುವ ಜಾಗವೂ ಇಲ್ಲ. ಐದು ವರ್ಷ ದಾಟದ ಮಕ್ಕಳಿದ್ದರೆ ಬಂಡೆಯನ್ನು ದೂರದಿಂದ ನೋಡಿ, ಹೊಯಿಗೆಯ ಕಡೆ ಕೂತು ಬೊಂಡ (ಎಳನೀರು) ಕುಡಿದು ಬನ್ನಿ.

ಮಲ್ಪೆಗೆ ಹೋದರೆ ದಿನ ಪೂರ್ತಿ ಬೇಕು, ಜನವೂ ಬೇಕು. ನೆಂಟರು ಬಂದಾಗ, ಕ್ರಿಸ್‌ಮಸ್ ರಜೆಯಲ್ಲಿ, ಎರಡು ಮೂರು ಮನೆಯವರು ಸೇರಿದಾಗ ನಾವು ಮಲ್ಪೆಗೆ ಹೋಗುತ್ತೇವೆ. ಬೀಚು ಅಗಲ, ಸಮತಟ್ಟು, ದಡದಿಂದ ದಡಕ್ಕೆ ಜನ. ಬಂದರಿನ ಕಡೆ ಸೀ ವಾಕ್ ಉಂಟು, ಅಲ್ಲಿ ನಿಂತರೆ ಮೀನು ಹಿಡಿದು ವಾಪಸು ಬರುವ ಬೋಟುಗಳ ಮೆರವಣಿಗೆ ಕಾಣುತ್ತದೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ರಜೆ ಅನ್ನುವುದು ಮಗನಿಗೆ ಬಹಳ ಮೆಚ್ಚುಗೆಯಾದ ವಿಷಯ. “ಮೀನಿಗೆ ಬೇಸಿಗೆ ರಜೆ ಜೂನಲ್ಲಾ?” ಅಂದ. ಮರಿ ಹಾಕುವ ಕಾಲ ಅಂತ ಹೇಳಿದೆ.

ಮಲ್ಪೆಯಲ್ಲಿ ಕತೆ ಹೇಳಲು ಸಾಮಾನು ಬೇಕಾದಷ್ಟು. ದ್ವಾರಕೆಯ ಕಡೆಯಿಂದ ಬಂದ ಹಡಗು ಇಲ್ಲಿಯ ಕಡಲಿನಲ್ಲಿ ಬಿರುಗಾಳಿಗೆ ಸಿಕ್ಕಿತಂತೆ, ದಡದಲ್ಲಿದ್ದ ಮಧ್ವಾಚಾರ್ಯರು ಉತ್ತರೀಯ ಬೀಸಿ ಅದನ್ನು ದಡ ಸೇರಿಸಿದರಂತೆ, ನಾವಿಕರು ಕಾಣಿಕೆ ಕೊಟ್ಟ ಗೋಪೀಚಂದನದ ಗಡ್ಡೆಯೊಳಗೆ ಕೃಷ್ಣನೂ ಬಲರಾಮನೂ ಇದ್ದರಂತೆ. ಕೃಷ್ಣ ಉಡುಪಿಯ ಮಠಕ್ಕೆ ಹೋದ, ಬಲರಾಮ ಇಲ್ಲೇ ವಡಭಾಂಡೇಶ್ವರದಲ್ಲಿ ನಿಂತ. ಈ ಕತೆ ಕೇಳಿದ ಮೇಲೆ ಮಗಳು ಕೈಯಲ್ಲಿದ್ದ ಬೈರಾಸು ಬೀಸಿ ಕಂಡ ಕಂಡ ಬೋಟನ್ನೆಲ್ಲ ದಡಕ್ಕೆ ಕರೆಯಲು ಶುರು ಮಾಡಿದಳು. ಒಂದು ಬೋಟು ನಿಜವಾಗಿಯೂ ತಿರುಗಿ ನಮ್ಮ ಕಡೆ ಬಂತು. ಆಮೇಲೆ ಬೈರಾಸನ್ನು ಅವಳ ಕೈಯಿಂದ ಬಿಡಿಸಲು ಆಗಲಿಲ್ಲ.

ಸೈಂಟ್ ಮೇರಿಸ್ ದ್ವೀಪಕ್ಕೆ ಹೋಗಬೇಕೋ ಬೇಡವೋ ಅನ್ನುವುದೇ ಮಲ್ಪೆಯ ದೊಡ್ಡ ಪ್ರಶ್ನೆ. ನಮ್ಮವರು ತೋನ್ಸೆಪಾರ್ ಅನ್ನುವ ಈ ದ್ವೀಪ ದಡದಿಂದ ಸುಮಾರು 6 ಕಿಲೋಮೀಟರು. ಮಳೆಗಾಲ ಕಳೆದ ಮೇಲೆ ಮಾತ್ರ ಬೋಟು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಹೆಸರಿಟ್ಟ ಅನ್ನುವ ಕತೆ ಉಂಟು. ಅದಕ್ಕಿಂತ ದೊಡ್ಡ ಕತೆ ಅಲ್ಲಿಯ ಕಲ್ಲಿನದು. ಭಾರತ ಮತ್ತು ಮಡಗಾಸ್ಕರ್ ಒಂದರಿಂದೊಂದು ಬಿಟ್ಟು ಹೋಗುತ್ತಿದ್ದ ಕಾಲದಲ್ಲಿ, 8-9 ಕೋಟಿ ವರ್ಷಗಳ ಹಿಂದೆ, ಮೇಲೆ ಬಂದ ಲಾವಾ ಆರುವಾಗ ಕುಗ್ಗಿ ಬಿರಿದು ಕಂಬ ಕಂಬವಾಗಿ ನಿಂತದ್ದು. ಹೆಚ್ಚಿನವು ಐದು, ಆರು ಮುಖದವು. ಮಗ ಬೆರಳಿಟ್ಟು ಮುಖ ಎಣಿಸುತ್ತಾ “ಆಗ ಡೈನೋಸಾರ್ ಇತ್ತಾ?” ಅಂತ ಕೇಳಿದ. ಇತ್ತು ಅಂದೆ. ಅಲ್ಲಿಂದ ಮುಂದೆ ದ್ವೀಪದಲ್ಲಿ ಇದ್ದಷ್ಟು ಹೊತ್ತೂ ಅವನು ಮೆತ್ತಗೆ, ಕಾಲು ಎತ್ತೆತ್ತಿ ನಡೆದ. ಏಳು ವರ್ಷದ ಹುಡುಗನಿಗೆ ನಮ್ಮ ಜಿಲ್ಲೆಗಳಲ್ಲಿ ಇದಕ್ಕಿಂತ ದೊಡ್ಡ ಸಾಹಸ ಕೊಡಲು ನನ್ನ ಹತ್ತಿರ ಬೇರೆ ಇಲ್ಲ.

ಮೂರು ವರ್ಷದವಳಿಗೆ ಅದೇ ದ್ವೀಪ ಕಷ್ಟ. ಹೊಯಿಗೆಗಿಂತ ಚಿಪ್ಪೇ ಹೆಚ್ಚು, ಕಾಲಿಗೆ ಚುಚ್ಚುತ್ತದೆ. ತೆಂಗಿನಮರದ ನೆರಳು ಬಿಟ್ಟರೆ ಉರಿಬಿಸಿಲು. ಬೋಟು ಹತ್ತುವಾಗ, ಇಳಿಯುವಾಗ ತೂಗುತ್ತದೆ, ಒಂದು ಕೈ ಮಗುವಿಗೆ, ಇನ್ನೊಂದು ಕೈ ಕಂಬಿಗೆ, ಎರಡನೇ ಮಗುವಿಗೆ ಕೈ ಎಲ್ಲಿಂದ ತರುವುದು? ಆ ದಿನ ನನ್ನ ತಂಗಿ ಜೊತೆಗಿದ್ದಳು, ಹಾಗಾಗಿ ಆಯಿತು. ದ್ವೀಪಕ್ಕೆ ಹೋಗುವುದಾದರೆ ಪ್ರತಿ ಮಗುವಿಗೆ ಒಬ್ಬ ದೊಡ್ಡವರು ಬೇಕು, ಚಪ್ಪಲಿಗಿಂತ ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಬೇಕು, ಬೆಳಗ್ಗೆಯ ಮೊದಲ ಬೋಟುಗಳಲ್ಲೇ ಹೋಗಿ ಬಿಸಿಲು ಏರುವ ಮೊದಲು ವಾಪಸಾಗಬೇಕು. ಮಧ್ಯಾಹ್ನ ಉಡುಪಿಯಲ್ಲಿ ಊಟ, ಮೇಲೊಂದು ಗಡ್‌ಬಡ್ ಐಸ್‌ಕ್ರೀಮ್. ಎತ್ತರದ ಗ್ಲಾಸಿನ ತಳದಲ್ಲಿರುವ ಹಣ್ಣಿಗೆ ಚಮಚ ಮುಟ್ಟಿಸಲು ಮಕ್ಕಳು ಪಡುವ ಪಾಡಿನಲ್ಲಿ ನಮಗೆ ಅರ್ಧ ಗಂಟೆ ವಿಶ್ರಾಂತಿ ಸಿಗುತ್ತದೆ.

ಹಾಗಾದರೆ ಯಾವುದು ಅಂತ ಕೇಳುವವರಿಗೆ ನಾನು ಹೀಗೆ ಹೇಳುತ್ತೇನೆ. ಕೂಸಿನಿಂದ ನಾಲ್ಕು ವರ್ಷದವರೆಗಿನ ಮಕ್ಕಳಿದ್ದರೆ, ಅಥವಾ ದೊಡ್ಡವರು ಒಬ್ಬರೇ ಇದ್ದರೆ ಎರಡನೇ ಯೋಚನೆ ಬೇಡ, ಪಡುಬಿದ್ರಿ. ಮಕ್ಕಳಿಗೆ ಆರು ದಾಟಿದ್ದರೆ ಮತ್ತು ಬೆಳಗ್ಗೆ ಬೇಗ ಏಳುವ ಮನಸ್ಸಿದ್ದರೆ ದೋಣಿಯಲ್ಲಿ ತಣ್ಣೀರುಬಾವಿ. ನನ್ನ ಸ್ವಂತ ಮತ ಇದಕ್ಕೇ, ಐದರಲ್ಲಿ ಇಡೀ ಪ್ರಯಾಣವೇ ಆಟವಾಗುವುದು ಇಲ್ಲಿ ಮಾತ್ರ, ಖರ್ಚೂ ಎಲ್ಲಕ್ಕಿಂತ ಕಮ್ಮಿ. ಮಲ್ಪೆ ವರ್ಷಕ್ಕೊಮ್ಮೆಯ ಹಬ್ಬದ ಊಟ, ಹೊಟ್ಟೆ ತುಂಬುತ್ತದೆ, ಆಮೇಲೆ ನಿದ್ದೆ ಬೇಕು. ಪಣಂಬೂರನ್ನು ವಾರದ ದಿನದ ಸಂಜೆಗೆ ಇಟ್ಟುಕೊಳ್ಳಿ. ಕಾಪುವಿಗೆ ಇಬ್ಬರು ದೊಡ್ಡವರಿದ್ದ ದಿನ ಹೋಗಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಐದನ್ನೂ ಮರೆತುಬಿಡಿ. ಆಗಿನ ಕಡಲು ನೋಡಲಿಕ್ಕೆ ಮಾತ್ರ, ಅದೂ ರಸ್ತೆಯ ಮೇಲಿನಿಂದ. ಮಕ್ಕಳು ಹಟ ಹಿಡಿದರೆ ಪಿಲಿಕುಳದಲ್ಲಿ ಹುಲಿ ತೋರಿಸಿ ಕರೆದುಕೊಂಡು ಬನ್ನಿ.

ಹುಟ್ಟುಹಬ್ಬದ ಒಂದು ವಿಷಯ ಬಾಕಿ ಉಂಟು. ಮಗಳ ಹುಟ್ಟುಹಬ್ಬ ನವೆಂಬರಿನಲ್ಲಿ, ಮಳೆ ನಿಂತು ಸೆಕೆ ಇನ್ನೂ ಶುರುವಾಗದ ಕಾಲ. ಹಾಲ್ ಬಾಡಿಗೆಗೆ ಕೊಡುವ ದುಡ್ಡಿನಲ್ಲಿ ಅಕ್ಕಪಕ್ಕದ ಮನೆಯ ಮಕ್ಕಳನ್ನೆಲ್ಲ ಒಂದು ಟೆಂಪೋದಲ್ಲಿ ತುಂಬಿಕೊಂಡು ಪಡುಬಿದ್ರಿಗೆ ಹೋಗಿ ಬರುವುದು ನಮ್ಮಲ್ಲಿ ಈಗ ರೂಢಿ. ಬಲೂನು ಒಯ್ಯಬೇಡಿ, ಕಡಲ ಗಾಳಿಗೆ ನಿಲ್ಲುವುದಿಲ್ಲ, ಒಡೆದ ಚೂರು ಕೊನೆಗೆ ಹೋಗುವುದು ನೀರಿಗೆ. ಮನೆಯಿಂದ ಬನ್ಸ್ ಕಟ್ಟಿಕೊಂಡು ಹೋದರೆ ತಟ್ಟೆಯೂ ಬೇಡ, ಚಮಚವೂ ಬೇಡ. ಖಾಲಿ ತೊಟ್ಟೆ ಎರಡು ಹೆಚ್ಚಿಗೆ ಇರಲಿ, ಒಂದು ಕಸಕ್ಕೆ, ಒಂದು ಚಂಡಿ ಬಟ್ಟೆಗೆ. ಕೇಕನ್ನು ಮಾತ್ರ ಮನೆಯಲ್ಲೇ ಕತ್ತರಿಸಿ ಹೊರಡಿ, ಹೊಯಿಗೆ ಬೆರೆತ ಕ್ರೀಮನ್ನು ಯಾವ ಮಗುವೂ ತಿನ್ನುವುದಿಲ್ಲ, ಅಪ್ಪಂದಿರೇ ತಿಂದು ಮುಗಿಸಬೇಕಾಗುತ್ತದೆ.